ಹೊಸ ಟರ್ಬೊ ಹಾಕಿದ ಮೇಲೂ ನೀಲಿ ಹೊಗೆ ಏಕೆ? ಎಣ್ಣೆಯ ದಾರಿ ಹಿಡಿದು ಹುಡುಕುವ ಬಗೆ

ಟರ್ಬೊ ಬದಲಿಸಿ ನಾಲ್ಕು ದಿನವಾಗಿತ್ತು. ಸುಳ್ಯದಿಂದ ಹೊರಟು ಸಂಪಾಜೆ ಘಾಟಿ ಹತ್ತುತ್ತಿದ್ದೆ. ಕೊಯನಾಡು ದಾಟಿ ಜೋಡುಪಾಲದ ಕಡೆಗೆ ಏರು ಬಿಗಿಯಾಗುತ್ತಿದ್ದಂತೆ ಕನ್ನಡಿಯಲ್ಲಿ ಹಿಂದಿನ ರಸ್ತೆ ಮಸುಕಾಯಿತು. ಮಳೆಗಾಲದ ಮಂಜು ಎಂದುಕೊಂಡು ಮುಂದೆ ಹೋದೆ. ಹಿಂದಿದ್ದ ಬಸ್ಸಿನ ಚಾಲಕರು ದೀಪ ಮಿಟುಕಿಸಿದರು, ಹಾರ್ನ್ ಹೊಡೆದರು, ಕೊನೆಗೆ ಪಕ್ಕಕ್ಕೆ ಬಂದು ಕೈ ಹೊರಚಾಚಿ ನನ್ನ ಗಾಡಿಯ ಹಿಂಭಾಗವನ್ನು ತೋರಿಸಿದರು. ನಿಲ್ಲಿಸಿ ಇಳಿದು ನೋಡಿದರೆ ಸೈಲೆನ್ಸರಿನಿಂದ ನೀಲಿ ಹೊಗೆ ಸುರುಳಿ ಸುರುಳಿಯಾಗಿ ಬರುತ್ತಿತ್ತು. ಬಾಣಲೆಯಲ್ಲಿ ಎಣ್ಣೆ ಹೊತ್ತಿದಾಗ ಬರುವ ಕಮಟು ವಾಸನೆ. ಡಿಪ್‌ಸ್ಟಿಕ್ ಎಳೆದು ನೋಡಿದೆ. ನಾಲ್ಕು ದಿನದಲ್ಲಿ ಎಣ್ಣೆ ಮೇಲಿನ ಗೆರೆಯಿಂದ ಅರ್ಧಕ್ಕೆ ಇಳಿದಿತ್ತು.

ಟರ್ಬೊ ಕೂರಿಸಿದ ಗ್ಯಾರೇಜಿಗೆ ಫೋನ್ ಮಾಡಿದೆ. "ಪೀಸೇ ಸರಿ ಇಲ್ಲ ಅನಿಸುತ್ತದೆ ಸಾರ್, ಬೇರೆ ತರಿಸೋಣ" ಎಂದರು. ಹೊಸ ಟರ್ಬೊ ಹಾಕಿದ ಮೇಲೂ ಹೊಗೆ ಬಂದರೆ ಎಲ್ಲರೂ ಮೊದಲು ಹೇಳುವುದು ಇದನ್ನೇ. ಎಷ್ಟೋ ಜನ ಎರಡನೆಯ ಟರ್ಬೊಗೂ ಹಣ ಸುರಿದು, ಅದೂ ಹೊಗೆ ಬಿಟ್ಟಾಗ ಇಂಜಿನ್ನನ್ನೇ ಇಳಿಸಲು ಹೊರಡುತ್ತಾರೆ. ನಾನು ಆ ದಾರಿ ಹಿಡಿಯಲಿಲ್ಲ. ಕುಶಾಲನಗರದ ಒಬ್ಬ ಹಿರಿಯ ಮೆಕ್ಯಾನಿಕ್ ಟರ್ಬೊವನ್ನು ಮುಟ್ಟುವ ಮೊದಲು ಒಂದು ಪ್ರಶ್ನೆ ಕೇಳಿದ್ದೇ ಅದಕ್ಕೆ ಕಾರಣ: "ಎಣ್ಣೆ ಒಳಗೆ ಹೋಗುವುದು ಸರಿ, ಹೊರಗೆ ಬರುವ ದಾರಿಯನ್ನು ಯಾರಾದರೂ ನೋಡಿದ್ದಾರಾ?"

ಆ ಪ್ರಶ್ನೆಯ ತೂಕ ತಿಳಿಯಬೇಕಾದರೆ ಟರ್ಬೊದ ಒಳಗೆ ನಡೆಯುವುದನ್ನು ತಿಳಿದುಕೊಳ್ಳಬೇಕು. ಬೆರಳು ಗಾತ್ರದ ಒಂದು ಉಕ್ಕಿನ ದಂಡ. ಅದರ ಎರಡು ತುದಿಗೆ ಎರಡು ಚಕ್ರ. ಒಂದು ತುದಿಯ ಚಕ್ರವನ್ನು ಇಂಜಿನ್ ಉಗುಳುವ ಬಿಸಿ ಹೊಗೆ ತಿರುಗಿಸುತ್ತದೆ. ಆ ಬಲದಿಂದಲೇ ತಿರುಗುವ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಎಳೆದು ಒತ್ತಿ ಇಂಜಿನ್‌ಗೆ ತುಂಬುತ್ತದೆ. ಹೀಗೆ ವ್ಯರ್ಥವಾಗುವ ಹೊಗೆಯಿಂದ ಕೆಲಸ ತೆಗೆಯುವ ಉಪಾಯಕ್ಕೆ ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲಿಯೇ ಪೇಟೆಂಟ್ ಪಡೆದಿದ್ದರು. ಮಡಿಕೇರಿ ಇರುವುದು ಸಮುದ್ರಮಟ್ಟದಿಂದ ಸುಮಾರು 1,170 ಮೀಟರ್ ಎತ್ತರದಲ್ಲಿ; ಇಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ಸುಮಾರು ಶೇ 10ರಷ್ಟು ತೆಳು. ಟರ್ಬೊ ಇಲ್ಲದ ಹಳೆಯ ಜೀಪುಗಳು ತುಂಬಿದ ಮೂಟೆಗಳೊಂದಿಗೆ ಏರು ಹತ್ತುವಾಗ ಏದುಸಿರು ಬಿಟ್ಟು ಕಪ್ಪು ಹೊಗೆ ಕಾರುವುದಕ್ಕೆ ಇದೂ ಒಂದು ಕಾರಣ. ಆ ಕೊರತೆಯನ್ನು ಟರ್ಬೊ ತುಂಬಿಕೊಡುತ್ತದೆ. ಆದರೆ ಅದಕ್ಕಾಗಿ ಇನ್ನಷ್ಟು ವೇಗವಾಗಿ ತಿರುಗಬೇಕಾಗುತ್ತದೆ.

ವೇಗ ಎಂದರೆ ಸಾಮಾನ್ಯ ವೇಗವಲ್ಲ. ಡೀಸೆಲ್ ಇಂಜಿನ್ ನಿಮಿಷಕ್ಕೆ 4,000 ಸುತ್ತು ತಿರುಗಿದರೆ ನಮಗೆ ಅದು ಅರಚಿದಂತೆ ಕೇಳಿಸುತ್ತದೆ. ಅದೇ ಹೊತ್ತಿನಲ್ಲಿ ಟರ್ಬೊದ ದಂಡ ನಿಮಿಷಕ್ಕೆ ಒಂದು ಲಕ್ಷ ಸುತ್ತು ದಾಟಿರುತ್ತದೆ. ಸಣ್ಣ ಟರ್ಬೊಗಳಲ್ಲಿ ಎರಡು ಲಕ್ಷದ ಹತ್ತಿರಕ್ಕೂ ಹೋಗುತ್ತದೆ. ಅಷ್ಟು ವೇಗದಲ್ಲಿ ಲೋಹಕ್ಕೆ ಲೋಹ ತಾಗಿದರೆ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಹಾಗಾಗಿ ದಂಡ ಬೇರಿಂಗಿನ ಮೇಲೆ ಕೂರುವುದಿಲ್ಲ, ಕೂದಲೆಳೆಗಿಂತ ತೆಳುವಾದ ಎಣ್ಣೆಯ ಪದರದಲ್ಲಿ ತೇಲುತ್ತದೆ. ಆ ಎಣ್ಣೆ ಇಂಜಿನ್‌ನ ಎಣ್ಣೆಯೇ. ಮೇಲಿನಿಂದ ಒಂದು ಸಣ್ಣ ಪೈಪಿನಲ್ಲಿ ಆಯಿಲ್ ಪಂಪಿನ ಒತ್ತಡದೊಂದಿಗೆ ಬರುತ್ತದೆ, ಬೇರಿಂಗನ್ನು ತೋಯಿಸುತ್ತದೆ, ನೊರೆನೊರೆಯಾಗಿ ಕೆಳಗಿನ ದಪ್ಪ ಪೈಪಿನ ಮೂಲಕ ಇಂಜಿನ್‌ನ ಸಂಪಿಗೆ, ಅಂದರೆ ತಳದ ಎಣ್ಣೆ ತೊಟ್ಟಿಗೆ, ಮರಳುತ್ತದೆ. ಒಳಗೆ ಬರುವ ಎಣ್ಣೆಯನ್ನು ಪಂಪು ತಳ್ಳುತ್ತದೆ. ಹೊರಗೆ ಹೋಗುವ ಎಣ್ಣೆಯನ್ನು ತಳ್ಳುವವರು ಯಾರೂ ಇಲ್ಲ. ಅದು ತನ್ನ ಭಾರದಿಂದ ತಾನೇ ಇಳಿಯಬೇಕು.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಟರ್ಬೊದ ದಂಡದ ಎರಡು ಬದಿಗೂ 'ಸೀಲ್' ಇದೆ ಎನ್ನುತ್ತೇವಲ್ಲ, ಅದು ರಬ್ಬರಿನದಲ್ಲ. ಅಲ್ಲಿನ ಬಿಸಿಗೆ ರಬ್ಬರು ಉಳಿಯುವುದೂ ಇಲ್ಲ. ಪಿಸ್ಟನ್ ರಿಂಗನ್ನೇ ಹೋಲುವ ಸಣ್ಣ ಲೋಹದ ರಿಂಗುಗಳು ಅವು. ಎಣ್ಣೆಯನ್ನು ಬಾಟಲಿಯ ಬಿರಡೆಯಂತೆ ಅವು ತಡೆದು ನಿಲ್ಲಿಸುವುದಿಲ್ಲ. ಚಕ್ರಗಳ ಕಡೆಯಿಂದ ಗಾಳಿಯ ಮತ್ತು ಹೊಗೆಯ ಒತ್ತಡ ಒಳಮುಖವಾಗಿ ತಳ್ಳುತ್ತಿರುವುದರಿಂದ, ನಡುವಿನ ಎಣ್ಣೆ ಸರಾಗವಾಗಿ ಕೆಳಗೆ ಹರಿದುಹೋಗುತ್ತಿರುವುದರಿಂದ ಸೋರಿಕೆ ಆಗುವುದಿಲ್ಲ. ಹರಿವು ನಿಂತು ನಡುಮನೆಯಲ್ಲಿ ಎಣ್ಣೆ ತುಂಬಿತೋ, ಆ ರಿಂಗುಗಳನ್ನು ದಾಟಿ ಎರಡೂ ಬದಿಗೆ ನುಗ್ಗುತ್ತದೆ. ಒಂದು ಬದಿ ಸೈಲೆನ್ಸರ್, ಇನ್ನೊಂದು ಬದಿ ಇಂಜಿನ್‌ಗೆ ಹೋಗುವ ಗಾಳಿಯ ಪೈಪು. ಎಲ್ಲಿಗೆ ಹೋದರೂ ಕೊನೆಗೆ ನೀಲಿ ಹೊಗೆಯೇ.

ಕೊಡಗಿನವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಆಟಿ ತಿಂಗಳ ಮಳೆಯಲ್ಲಿ ಮನೆಯ ಹಿಂದಿನ ತೋಡಿಗೆ ಸಿಲ್ವರ್ ಮರದ ಎಲೆ ಕಟ್ಟಿಕೊಂಡರೆ ನೀರು ಅಂಗಳದಲ್ಲಿ ಏರಿ ಹೊಸ್ತಿಲು ದಾಟಿ ಒಳಗೆ ಬರುತ್ತದೆ. ಆಗ ಹಾರೆ ಹಿಡಿದು ತೋಡು ಬಿಡಿಸುತ್ತೇವೆಯೇ ಹೊರತು ಬಾಗಿಲು ಬದಲಿಸುವುದಿಲ್ಲ. ಟರ್ಬೊ ವಿಷಯದಲ್ಲಿ ಮಾತ್ರ ಬಾಗಿಲು ಬದಲಿಸುತ್ತಲೇ ಇರುತ್ತೇವೆ.

ನನ್ನ ಗಾಡಿಯಲ್ಲಿ ಆದದ್ದು ಇಷ್ಟು. ಮೆಕ್ಯಾನಿಕ್ ಗಾಡಿಯನ್ನು ಮೇಲೆತ್ತಿಸಿ, ಟರ್ಬೊದ ಕೆಳಗೆ ಎಣ್ಣೆ ಮರಳುವ ಪೈಪಿನ ಎರಡು ಬೋಲ್ಟ್ ಬಿಚ್ಚಿ, ಪೈಪನ್ನು ನನ್ನ ಮುಖದೆದುರು ಹಿಡಿದು ಟಾರ್ಚ್ ಬಿಟ್ಟರು. ಬಾಯಿಯ ಸುತ್ತ ಬೂದು ಬಣ್ಣದ ಗಮ್. ಪ್ಯಾಕಿಂಗ್ ಹಾಕಿದ್ದರೂ ಸೋರಬಾರದೆಂದು ಅದರ ಮೇಲೆ ಧಾರಾಳವಾಗಿ ಗಮ್ ಬಳಿದಿದ್ದರು. ಬೋಲ್ಟ್ ಬಿಗಿದಾಗ ಹೊರಗೆ ಹಿಂಡಿಕೊಂಡ ಗಮ್ಮನ್ನು ಒರೆಸಿ ನೀಟಾಗಿ ಮಾಡಿದ್ದರು; ಅಷ್ಟೇ ಗಮ್ ಒಳಗೂ ಹಿಂಡಿಕೊಂಡಿತ್ತು, ಅದನ್ನು ಒರೆಸುವವರಿರಲಿಲ್ಲ. ಒಣಗಿ, ಒಂದು ಬದಿ ಬಿಟ್ಟು, ಕರುವಿನ ನಾಲಗೆಯ ಹಾಗೆ ರಂಧ್ರಕ್ಕೆ ಅಡ್ಡ ಜೋತುಬಿದ್ದಿತ್ತು. ಹೆಬ್ಬೆರಳು ತೂರುವ ದಾರಿಯಲ್ಲಿ ಪೆನ್ಸಿಲ್ ತೂರುವಷ್ಟು ಜಾಗ ಉಳಿದಿತ್ತು. ಬೆರಳಿನಿಂದ ಎಳೆದರು, ಬಂದುಬಿಟ್ಟಿತು. ಟರ್ಬೊದ ಎಣ್ಣೆ ಪೈಪುಗಳಿಗೆ ಗಮ್ ಹಾಕಲೇಬಾರದು ಎಂದು ತಯಾರಕರು ಸೂಚನಾ ಪತ್ರದಲ್ಲಿಯೇ ಮುದ್ರಿಸಿರುತ್ತಾರೆ. ಆ ಕಾಗದ ಪೆಟ್ಟಿಗೆಯೊಂದಿಗೆ ಕಸಕ್ಕೆ ಹೋಗುತ್ತದೆ ಎಂಬುದೇ ನನಗೆ ಸಂಕಟದ ವಿಷಯ.

ಎಣ್ಣೆ ಮರಳುವ ಪೈಪು ಕಟ್ಟಿಕೊಳ್ಳಲು ಗಮ್ ಒಂದೇ ಕಾರಣವಲ್ಲ. ಪ್ಯಾಕಿಂಗನ್ನು ತಿರುವುಮುರುವಾಗಿ ಇಟ್ಟರೆ ಅದರ ರಂಧ್ರವೂ ಪೈಪಿನ ರಂಧ್ರವೂ ಹೊಂದುವುದಿಲ್ಲ. ಹಳೆಯ ಹೋಸ್ ಬಿಸಿಗೆ ಮೆದುವಾಗಿ ಒಳಗೊಳಗೇ ಕುಸಿದಿರುತ್ತದೆ. ಹೊರಗಿನಿಂದ ನೋಡಿದರೆ ದುಂಡಗೇ ಕಾಣುತ್ತದೆ. ಸಿಕ್ಕಿದ ಹೋಸ್ ಕತ್ತರಿಸಿ ಹಾಕಿದಾಗ ಅದು ಮಧ್ಯದಲ್ಲಿ ಜೋತು ಬಿದ್ದು ಎಣ್ಣೆ ಅಲ್ಲಿಯೇ ನಿಲ್ಲುತ್ತದೆ. ಈ ಪೈಪು ಆದಷ್ಟೂ ನೆಟ್ಟಗೆ ಕೆಳಕ್ಕೆ ಇಳಿಯಬೇಕು. ಇನ್ನು ಸಂಪಿನಲ್ಲಿ ಎಣ್ಣೆ ಮಟ್ಟ ಮೀರಿ ತುಂಬಿದ್ದರೂ ಇದೇ ತೊಂದರೆ. ಹೊಗೆ ಬರುತ್ತಿದೆ, ಎಣ್ಣೆ ಕಡಿಮೆಯಾಗಿರಬಹುದು ಎಂದು ಒಂದು ಲೀಟರ್ ಹೆಚ್ಚೇ ಸುರಿಯುವವರಿದ್ದಾರೆ. ಅದರಿಂದ ಹೊಗೆ ಇನ್ನೂ ಹೆಚ್ಚುತ್ತದೆ.

ಪೈಪು ಸ್ವಚ್ಛವಾಗಿದ್ದು, ಮಟ್ಟ ಸರಿಯಾಗಿದ್ದೂ ಎಣ್ಣೆ ಇಳಿಯದಿದ್ದರೆ ಕೆಳಗಿನಿಂದ ಯಾರೋ ಮೇಲಕ್ಕೆ ಊದುತ್ತಿದ್ದಾರೆ ಎಂದರ್ಥ. ಪಿಸ್ಟನ್ ರಿಂಗುಗಳ ಸಂದಿಯಿಂದ ಸ್ವಲ್ಪ ಗಾಳಿ ಕೆಳಗೆ ನುಸುಳುವುದು ಎಲ್ಲ ಇಂಜಿನ್‌ಗಳಲ್ಲಿಯೂ ಇದೆ. ಅದನ್ನು ಹೊರಗೊಯ್ಯಲು ಬ್ರೀದರ್ ಪೈಪು ಇದೆ. ಬ್ರೀದರ್ ಕಟ್ಟಿಕೊಂಡರೆ ಸಂಪಿನೊಳಗೆ ಒತ್ತಡ ಏರುತ್ತದೆ, ಟರ್ಬೊದಿಂದ ಇಳಿಯುವ ಎಣ್ಣೆಗೆ ಎದುರು ನಿಲ್ಲುತ್ತದೆ. ನಮ್ಮ ಕಡೆ ಇದು ಹೆಚ್ಚು. ತೋಟದಿಂದ ಪೇಟೆಗೆ ನಾಲ್ಕು ಕಿಲೋಮೀಟರ್, ಮತ್ತೆ ವಾಪಸು. ಮಳೆಗಾಲದ ಚಳಿಯಲ್ಲಿ ಇಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ನಿಲ್ಲಿಸುತ್ತೇವೆ. ಒಳಗಿನ ನೀರಾವಿ ಎಣ್ಣೆಯೊಂದಿಗೆ ಕಡೆದು ಬೆಣ್ಣೆಯಂಥ ಹಳದಿ-ಬಿಳಿ ಜಿಡ್ಡಾಗಿ ಬ್ರೀದರಿನಲ್ಲಿ ಕೂರುತ್ತದೆ. ಆಯಿಲ್ ಹಾಕುವ ಮುಚ್ಚಳದ ಒಳಬದಿಯಲ್ಲಿ ಆ ಜಿಡ್ಡು ಕಂಡರೆ ಬ್ರೀದರ್ ಬಿಚ್ಚಿ ನೋಡಿ.

ಪರೀಕ್ಷೆ ಸರಳ. ಇಂಜಿನ್ ಬಿಸಿಯಾದ ಮೇಲೆ ಐಡ್ಲಿಂಗಿನಲ್ಲಿ ಬಿಟ್ಟು, ಆ ಮುಚ್ಚಳವನ್ನು ತಿರುಗಿಸಿ ಬಿಚ್ಚಿ, ಬಾಯಿಯ ಮೇಲೆ ಸುಮ್ಮನೆ ಇಡಿ. ಅಲ್ಲಿಯೇ ಸ್ವಲ್ಪ ಅಲುಗಾಡಿದರೆ ಚಿಂತೆಯಿಲ್ಲ. ಕುಣಿದು ಹಾರಿಬಿದ್ದರೆ, ಬಾಯಿಯಿಂದ ಹೊಗೆ ಬುಸುಗುಟ್ಟಿದರೆ, ಬ್ರೀದರ್ ಕಟ್ಟಿದೆ ಅಥವಾ ರಿಂಗುಗಳು ಸವೆದಿವೆ. ಬ್ರೀದರ್ ತೊಳೆದ ಮೇಲೂ ಹಾಗೆಯೇ ಇದ್ದರೆ ಕಂಪ್ರೆಷನ್ ಪರೀಕ್ಷೆ (ಸಿಲಿಂಡರಿನೊಳಗಿನ ಒತ್ತಡ ಅಳೆಯುವುದು) ಮಾಡಿಸದೆ ಗತಿಯಿಲ್ಲ. ರಿಂಗು ಸವೆದ ಇಂಜಿನ್‌ಗೆ ಎಷ್ಟು ಟರ್ಬೊ ಹಾಕಿದರೂ ಹೊಗೆ ನಿಲ್ಲುವುದಿಲ್ಲ.

ಏರ್ ಫಿಲ್ಟರನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಡಿಸೆಂಬರಿನಿಂದ ಕಾಫಿ ಕೊಯ್ಲು ಮುಗಿಯುವ ತನಕ ತೋಟದ ದಾರಿಯ ಕೆಂಪು ದೂಳು, ಜೂನಿನಿಂದ ಮಳೆಯ ತೇವ. ಎರಡೂ ಸೇರಿ ಕಾಗದದ ಫಿಲ್ಟರ್ ರೊಟ್ಟಿಯಂತೆ ಗಟ್ಟಿಯಾಗುತ್ತದೆ. ಗಾಳಿ ಸಿಗದ ಟರ್ಬೊ ಜೋರಾಗಿ ಹೀರುತ್ತದೆ, ಆ ಹೀರುವಿಕೆ ತನ್ನದೇ ರಿಂಗಿನಾಚೆಯ ಎಣ್ಣೆಯನ್ನು ಸೆಳೆಯುತ್ತದೆ. ಹೊಸ ಟರ್ಬೊದೊಂದಿಗೆ ಹೊಸ ಫಿಲ್ಟರ್ ಹಾಕದಿರುವುದು ತೀರ ಸಣ್ಣ ಉಳಿತಾಯ.

ಹೊಗೆಯ ಬಣ್ಣದ ಮಾತಿಗೆ ಬರೋಣ. ನೀಲಿ ಎಂದರೆ ಎಣ್ಣೆ ಉರಿಯುತ್ತಿದೆ. ಕಪ್ಪು ಎಂದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ಟರ್ಬೊ ಬದಲಿಸಿದ ಮೇಲೆ ಕಪ್ಪು ಹೊಗೆ ಬಂದು ಪಿಕಪ್ ಇಲ್ಲದಾದರೆ ಮೊದಲು ಟರ್ಬೊ ಒತ್ತಿದ ಗಾಳಿಯನ್ನು ತಂಪಾಗಿಸುವ ಇಂಟರ್‌ಕೂಲರಿನ ಹೋಸ್ ಕ್ಲಿಪ್ಪುಗಳನ್ನು ನೋಡಿ. ಒಂದು ಸಡಿಲವಿದ್ದರೂ ಒತ್ತಿದ ಗಾಳಿ ಅಲ್ಲಿಯೇ ಹೊರಬೀಳುತ್ತದೆ, ಏರಿನಲ್ಲಿ ಸುಯ್ ಎಂಬ ಸದ್ದು ಕೇಳಿಸುತ್ತದೆ. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿ ಬಾನೆಟ್ಟಿನೊಳಗೆ ಸೇರುವ ಇಲಿಗಳು ಹೋಸ್ ಕಡಿದಿರುವುದೂ ಉಂಟು. ಬಿಳಿ ಹೊಗೆಗೆ ಮಾತ್ರ ಎರಡು ಬಾರಿ ಯೋಚಿಸಬೇಕು. ಮಡಿಕೇರಿಯ ಚಳಿಯ ಬೆಳಿಗ್ಗೆ ಎಲ್ಲ ಗಾಡಿಗಳೂ ಬಿಳಿ ಆವಿ ಬಿಡುತ್ತವೆ, ಸ್ವಲ್ಪ ದೂರ ಹೋದ ಮೇಲೆ ನಿಲ್ಲುತ್ತದೆ. ನಿಲ್ಲದೆ, ಸಿಹಿ ವಾಸನೆಯೊಂದಿಗೆ ಬಂದರೆ, ಜತೆಗೆ ಕೂಲಂಟ್ ಕೂಡ ಇಳಿಯುತ್ತಿದ್ದರೆ, ಹೆಡ್ ಗ್ಯಾಸ್ಕೆಟ್ (ಇಂಜಿನ್‌ನ ತಲೆಭಾಗದ ಪ್ಯಾಕಿಂಗ್) ಅಥವಾ ಇಜಿಆರ್ ಕೂಲರ್ (ಇಂಜಿನ್‌ಗೆ ಮರಳಿಸುವ ಹೊಗೆಯನ್ನು ತಂಪಾಗಿಸುವ ಭಾಗ) ಕಡೆ ನೋಡಬೇಕು.

ನೀಲಿ ಹೊಗೆ ಯಾವಾಗ ಬರುತ್ತದೆ ಎಂಬುದೂ ಸುಳಿವು ಕೊಡುತ್ತದೆ, ಅದಕ್ಕೆ ನಮ್ಮ ಘಾಟಿಗಳಿಗಿಂತ ಒಳ್ಳೆಯ ಪರೀಕ್ಷಾಲಯವಿಲ್ಲ. ಆಕ್ಸಿಲರೇಟರ್ ಬಿಟ್ಟು ಗೇರಿನಲ್ಲಿ ಮಾಕುಟ್ಟಕ್ಕೆ ಇಳಿದು, ಕೆಳಗೆ ಮತ್ತೆ ಒತ್ತಿದಾಗ ಒಂದು ಗುಪ್ಪೆ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲುಗಳ ಮೇಲೆ ಸಂಶಯ. ಪೆಟ್ರೋಲ್ ಇಂಜಿನ್‌ನಲ್ಲಿ ಈ ಲಕ್ಷಣ ಇನ್ನೂ ಸ್ಪಷ್ಟ. ಏರು ಹತ್ತುವಾಗ ಉದ್ದಕ್ಕೂ ಬಂದರೆ ರಿಂಗು ಅಥವಾ ಟರ್ಬೊ. ಬಹಳ ಹೊತ್ತು ಐಡ್ಲಿಂಗಿನಲ್ಲಿ ನಿಂತು ಹೊರಟಾಗ ದಟ್ಟವಾಗಿ ಬಂದರೆ ಟರ್ಬೊದೊಳಗೆ ಎಣ್ಣೆ ನಿಲ್ಲುತ್ತಿದೆ ಎಂಬ ಅನುಮಾನ ಬಲವಾಗುತ್ತದೆ, ಏಕೆಂದರೆ ಐಡ್ಲಿಂಗಿನಲ್ಲಿ ಎಣ್ಣೆಯನ್ನು ಒಳಗೆ ತಳ್ಳಿ ಹಿಡಿಯುವ ಗಾಳಿಯ ಒತ್ತಡ ಇರುವುದಿಲ್ಲ. ಆದರೂ ಇವೆಲ್ಲ ಅನುಮಾನಗಳೇ. ಸಾಕ್ಷಿ ಬೇಕಾದರೆ ಪೈಪು ಬಿಚ್ಚಬೇಕು.

ಬಿಚ್ಚುವಾಗ ಒಂದು ಉಪಾಯ ಬಹಳ ಬೆಲೆಯುಳ್ಳದ್ದು. ಟರ್ಬೊದ ಬಿಸಿ ಬದಿಗೆ ಇಂಜಿನ್‌ನಿಂದ ಹೊಗೆ ಒಳಬರುವ ಬಾಯಿಯನ್ನೂ ಸೈಲೆನ್ಸರಿಗೆ ಹೊರಹೋಗುವ ಬಾಯಿಯನ್ನೂ ಹೋಲಿಸಿ ನೋಡಿ. ಒಳಬರುವ ಬಾಯಿ ಒಣಗಿದ್ದು, ಹೊರಹೋಗುವ ಬಾಯಿ ಎಣ್ಣೆಯಿಂದ ತೊಯ್ದಿದ್ದರೆ ಎಣ್ಣೆ ಟರ್ಬೊದಲ್ಲಿ ಸೇರುತ್ತಿದೆ. ಒಳಬರುವ ಬಾಯಿಯೇ ತೊಯ್ದಿದ್ದರೆ ಎಣ್ಣೆ ಸಿಲಿಂಡರಿನಿಂದಲೇ ಬರುತ್ತಿದೆ. ರಿಂಗು, ವಾಲ್ವ್, ಇಲ್ಲವೇ ಗಾಳಿಯ ಪೈಪಿನ ಮೂಲಕ ಒಳಸೇರಿದ ಎಣ್ಣೆ. ಗಾಳಿಯ ಬದಿಯಲ್ಲಿ ತೆಳುವಾಗಿ ಎಣ್ಣೆ ಸವರಿದಂತಿದ್ದರೆ ಗಾಬರಿ ಬೇಡ. ಬಹಳಷ್ಟು ಗಾಡಿಗಳಲ್ಲಿ ಬ್ರೀದರ್ ಪೈಪು ಟರ್ಬೊದ ಮುಂದೆಯೇ ಬಂದು ಸೇರುತ್ತದೆ, ಅದರ ಎಣ್ಣೆಯ ಹನಿ ಅಲ್ಲಿ ಹರಡಿರುತ್ತದೆ. ಬಟ್ಟಲಲ್ಲಿ ಹಿಡಿಯುವಷ್ಟು ನಿಂತಿದ್ದರೆ ಮಾತ್ರ ತೊಂದರೆ.

ದಂಡವನ್ನು ಬೆರಳಿನಿಂದ ಅಲುಗಿಸಿ "ಪ್ಲೇ ಇದೆ, ಹೋಯಿತು" ಎನ್ನುವವರ ಮಾತನ್ನು ಕೂಡಲೇ ನಂಬಬೇಡಿ. ಎಣ್ಣೆಯ ಒತ್ತಡವಿಲ್ಲದೆ ನಿಂತ ಟರ್ಬೊದಲ್ಲಿ ದಂಡ ಅಕ್ಕಪಕ್ಕಕ್ಕೆ ತುಸು ಅಲುಗುವುದು ಸಹಜ. ಹಿಂದೆ ಮುಂದೆ ಎಳೆದಾಗ ಕೈಗೆ ಗೊತ್ತಾಗುವಷ್ಟು ಚಲಿಸಬಾರದು, ರೆಕ್ಕೆಗಳು ಗೋಡೆಗೆ ಉಜ್ಜಿದ ಗುರುತು ಇರಬಾರದು. ಇವೆರಡರಲ್ಲಿ ಒಂದು ಕಂಡರೂ ಆಗ ನಿಜವಾಗಿಯೂ ಟರ್ಬೊ ಹೋಗಿದೆ.

ಹೊಸ ಟರ್ಬೊ ಹೋದರೆ ಅದಕ್ಕೆ ಸಾಮಾನ್ಯವಾಗಿ ಹಳೆಯದನ್ನು ಕೊಂದ ಕಾರಣವೇ ಕಾರಣ. ಮೇಲಿನ ಸಣ್ಣ ಪೈಪಿನೊಳಗೆ ಎಣ್ಣೆ ಸುಟ್ಟು ಇದ್ದಿಲಿನಂತೆ ಕಟ್ಟಿರುತ್ತದೆ. ಕೆಲವು ಇಂಜಿನ್‌ಗಳಲ್ಲಿ ಆ ಪೈಪಿನ ಬ್ಯಾಂಜೊ ಬೋಲ್ಟಿನೊಳಗೆ (ಎಣ್ಣೆ ಹಾಯಲು ನಡುವೆ ತೂತಿರುವ ಬೋಲ್ಟ್) ಸಣ್ಣ ಜಾಲರಿಯೂ ಇದ್ದು ಮುಚ್ಚಿಹೋಗಿರುತ್ತದೆ. ಆ ಪೈಪನ್ನು ತೊಳೆದು ಮತ್ತೆ ಹಾಕುವುದಕ್ಕಿಂತ ಹೊಸದು ಹಾಕುವುದೇ ಸರಿ. ಜತೆಗೆ ಹೊಸ ಎಣ್ಣೆ, ಹೊಸ ಆಯಿಲ್ ಫಿಲ್ಟರ್. ಪೈಪು ಜೋಡಿಸುವ ಮೊದಲು ಟರ್ಬೊದ ಬಾಯಿಗೆ ಸ್ವಚ್ಛ ಎಣ್ಣೆ ಸುರಿದು ಚಕ್ರವನ್ನು ಕೈಯಿಂದ ತಿರುಗಿಸಬೇಕು. ಇಂಜಿನ್ ಹೊತ್ತದಂತೆ ಮಾಡಿ ಸ್ಟಾರ್ಟರ್ ತಿರುಗಿಸಿ ಎಣ್ಣೆಯ ಒತ್ತಡ ಬರಿಸಬೇಕು. ಸ್ಟಾರ್ಟ್ ಆದ ಮೇಲೆ ಕೆಲವು ನಿಮಿಷ ರೇಸ್ ಮಾಡದೆ ಬಿಡಬೇಕು. ಒಣಗಿದ ಬೇರಿಂಗಿನ ಮೇಲೆ ಕೆಲವೇ ಸೆಕೆಂಡು ತಿರುಗಿದರೂ ಹೊಸ ಟರ್ಬೊದ ಆಯಸ್ಸು ಅಲ್ಲಿಯೇ ಮುಗಿಯುತ್ತದೆ. ಘಾಟಿ ಹತ್ತಿ ಬಂದ ಕೂಡಲೇ ಕೀ ತಿರುಗಿಸಿ ಆರಿಸುವ ಅಭ್ಯಾಸವನ್ನೂ ಬಿಡಬೇಕು. ಒಂದೆರಡು ನಿಮಿಷ ಐಡ್ಲಿಂಗಿನಲ್ಲಿ ಬಿಟ್ಟರೆ ಕೆಂಪಗೆ ಕಾದ ಬದಿಯ ಎಣ್ಣೆ ಅಲ್ಲಿಯೇ ಸುಟ್ಟು ಅಂಟುವುದು ತಪ್ಪುತ್ತದೆ.

ಈಗ ಹೇಳುವುದನ್ನು ದಯವಿಟ್ಟು ಮರೆಯಬೇಡಿ. ಹಳೆಯ ಟರ್ಬೊ ಉಗುಳಿದ ಎಣ್ಣೆ ಇಂಟರ್‌ಕೂಲರಿನಲ್ಲಿ ನಿಂತಿರುತ್ತದೆ, ಕೆಲವೊಮ್ಮೆ ಮುರಿದ ರೆಕ್ಕೆಯ ಚೂರುಗಳೊಂದಿಗೆ. ಅದನ್ನು ಬಿಚ್ಚಿ ತೊಳೆಯದೆ ಹೊಸ ಟರ್ಬೊ ಹಾಕಿದರೆ ಆ ಎಣ್ಣೆ ಒಮ್ಮೆಗೇ ಇಂಜಿನ್‌ಗೆ ನುಗ್ಗಬಹುದು. ಡೀಸೆಲ್ ಇಂಜಿನ್‌ಗೆ ಎಣ್ಣೆಯೂ ಇಂಧನವೇ. ಆಗ ಇಂಜಿನ್ ತಾನಾಗಿ ಅರಚುತ್ತಾ ವೇಗ ಏರಿಸಿಕೊಳ್ಳುತ್ತದೆ, ಕೀ ತೆಗೆದರೂ ನಿಲ್ಲುವುದಿಲ್ಲ. ಮ್ಯಾನುವಲ್ ಗೇರಿನ ಗಾಡಿಯಾದರೆ ಬ್ರೇಕನ್ನು ಪೂರ್ತಿ ಒತ್ತಿಹಿಡಿದು ಮೇಲಿನ ಗೇರಿಗೆ ಹಾಕಿ ಕ್ಲಚ್ ಬಿಟ್ಟು ಉಸಿರುಗಟ್ಟಿಸಿ ನಿಲ್ಲಿಸಬೇಕು. ಗಾಳಿಯ ಬಾಯಿಯನ್ನು ಗಟ್ಟಿ ಹಲಗೆಯಿಂದ ಮುಚ್ಚಿಯೂ ನಿಲ್ಲಿಸಬಹುದು. ಕೈಯನ್ನು ಮಾತ್ರ ಒಡ್ಡಬೇಡಿ. ಎರಡೂ ಆಗದಿದ್ದರೆ ಜನರನ್ನು ದೂರ ಕಳಿಸಿ ನೀವೂ ದೂರ ಹೋಗಿ. ಇಂಜಿನ್ ಹೋದರೆ ಹೋಗಲಿ.

2020ರ ಏಪ್ರಿಲ್ ನಂತರದ ಬಿಎಸ್6 ಡೀಸೆಲ್ ಗಾಡಿಗಳಲ್ಲಿ ಇನ್ನೊಂದು ತೊಡಕು. ಹೊಗೆಯ ಮಸಿಯನ್ನು ಹಿಡಿಯುವ ಡಿಪಿಎಫ್ ಇರುವುದರಿಂದ ಟರ್ಬೊ ಸ್ವಲ್ಪಸ್ವಲ್ಪವೇ ಎಣ್ಣೆ ಬಿಡುತ್ತಿದ್ದರೆ ಹೊರಗೆ ಏನೂ ಕಾಣದಿರಬಹುದು. ಎಣ್ಣೆಯ ಬೂದಿ ಡಿಪಿಎಫ್‌ನಲ್ಲಿ ಕಟ್ಟುತ್ತಾ ಹೋಗುತ್ತದೆ. ಇಂಥ ಗಾಡಿಯಲ್ಲಿ ಕಣ್ಣಿಗಿಂತ ಡಿಪ್‌ಸ್ಟಿಕ್ಕನ್ನು ನಂಬಬೇಕು. ಮಟ್ಟ ಇಳಿಯುವುದಕ್ಕೆ ಬದಲಾಗಿ ಏರುತ್ತಿದ್ದು ಡೀಸೆಲ್ ವಾಸನೆ ಬಂದರೆ, ಚಿಕ್ಕ ಚಿಕ್ಕ ಓಡಾಟದಲ್ಲಿ ಡಿಪಿಎಫ್ ತನ್ನನ್ನು ತಾನು ಸುಟ್ಟು ಸ್ವಚ್ಛಗೊಳಿಸಿಕೊಳ್ಳಲಾಗದೆ ಡೀಸೆಲ್ ಸಂಪಿಗೆ ಸೇರುತ್ತಿದೆ. ತೆಳುವಾದ ಆ ಎಣ್ಣೆ ಬೇರಿಂಗನ್ನು ಕಾಯುವುದಿಲ್ಲ. ಕೂಡಲೇ ಬದಲಿಸಿ.

ನನ್ನ ಗಾಡಿಗೆ ಹೊಸ ಪ್ಯಾಕಿಂಗ್ ಒಂದನ್ನೇ, ಗಮ್ ಇಲ್ಲದೆ, ಹಾಕಿ ಕಟ್ಟಿದರು. ಇಂಟರ್‌ಕೂಲರ್ ಬಿಚ್ಚಿ ಬಗ್ಗಿಸಿದಾಗ ಒಂದು ಲೋಟದಷ್ಟು ಕಪ್ಪು ಎಣ್ಣೆ ಬಂತು. "ಸೈಲೆನ್ಸರಿನೊಳಗೆ ಹಿಡಿದಿರುವುದು ಉರಿದುಹೋಗುವ ತನಕ ಹೊಗೆ ಬರುತ್ತದೆ, ಹೆದರಬೇಡಿ. ಕಡಿಮೆಯಾಗುತ್ತಾ ಬರುತ್ತದೆಯಾ ನೋಡಿ, ಅಷ್ಟೇ" ಎಂದರು. ಕುಶಾಲನಗರದಿಂದ ಮಡಿಕೇರಿಯ ಕಡೆ ಹೊರಟೆ. ಆನೆಕಾಡಿನ ನೆರಳಿನಲ್ಲಿ ಹಿಂದೆ ನೀಲಿ ಪರದೆ ಇನ್ನೂ ದಟ್ಟವಾಗಿತ್ತು. ಸುಂಟಿಕೊಪ್ಪದಲ್ಲಿ ನಿಲ್ಲಿಸಿ ಮಟ್ಟ ನೋಡಿದೆ, ಮೇಲಿನ ಗೆರೆಯಲ್ಲಿಯೇ ಇತ್ತು. ಕೆದಕಲ್ ದಾಟುವಾಗ ಹೊಗೆ ತೆಳುವಾಗಿ ರಸ್ತೆಯ ಬಿಳಿ ಗೆರೆ ಕಾಣತೊಡಗಿತು. ಬೋಯಿಕೇರಿಯ ಏರಿನಲ್ಲಿ ಮೂರನೆಯ ಗೇರಿನಲ್ಲಿ ಪೂರ್ತಿ ಒತ್ತಿ ಕನ್ನಡಿ ನೋಡಿದೆ. ಹಿಂದೆ ಬರುತ್ತಿದ್ದ ಬೈಕಿನವನ ರೇನ್‌ಕೋಟಿನ ಗುಂಡಿಗಳೂ ಕಾಣುತ್ತಿದ್ದವು.